ಹಾಜರಿ ಪುಸ್ತಕದಲ್ಲಿ ಬರೆಯದ ಕೆಲಸ

ಮೂಡಿಗೆರೆ, ಕಳಸ, ಚಿಕ್ಕಮಗಳೂರು ಸುತ್ತಿನ ಕಾಫಿ ತೋಟಗಳಲ್ಲಿ ಪ್ರತಿ ಕೆಲಸಕ್ಕೂ ಒಂದು ಹೆಸರು, ಒಂದು ಕಾಲ, ಒಂದು ಲೆಕ್ಕ ಇದೆ. ಮರಗಸಿ, ಗಿಡಗಸಿ, ಚಿಗುರು ತೆಗೆಯುವುದು, ಕಳೆ, ಗೊಬ್ಬರ, ಬೋರ್ಡೋ ಹೊಡೆಯುವುದು, ಹಣ್ಣು ಕುಯ್ಲು, ಪಲ್ಪರ್, ಕಣ. ಬೆಳಿಗ್ಗೆ ರೈಟರು ಹಾಜರಿ ತೆಗೆದುಕೊಂಡು ಇಂತಿಷ್ಟು ಜನ ಚಿಗುರಿಗೆ, ಇಂತಿಷ್ಟು ಜನ ಗೊಬ್ಬರಕ್ಕೆ ಎಂದು ಹಂಚಿದರೆ ಆ ದಿನದ ಕೆಲಸ ಕಾಗದದ ಮೇಲೆ ಮುಗಿದಂತೆಯೇ. ಆದರೆ ಎಲ್ಲರೂ ಕಾಗದದಲ್ಲಿ ಇದ್ದಷ್ಟನ್ನೇ ಮಾಡಿ ಮನೆಗೆ ಹೋದರೆ ಯಾವ ತೋಟವೂ ಒಂದು ವರ್ಷ ನೆಟ್ಟಗೆ ನಡೆಯಲಾರದು. ಗೊಬ್ಬರಕ್ಕೆ ಹೋದವರು ಮುರಿದು ಬಿದ್ದ ಬೇಲಿ ಕಂಡು ಬಂದು ಹೇಳುತ್ತಾರೆ. ಕಣದಲ್ಲಿ ಕಾಫಿ ಮಗುಚುವವರು ಮೋಡ ಕವಿದ ಕೂಡಲೇ ಯಾರ ಅಪ್ಪಣೆಗೂ ಕಾಯದೆ ಟಾರ್ಪಾಲು ಎಳೆಯುತ್ತಾರೆ. ಹಳಬರು ಹೊಸಬರನ್ನು ಪಕ್ಕದ ಸಾಲಿಗೆ ಹಾಕಿಕೊಂಡು ಯಾವ ಚಿಗುರು ಉಳಿಸಬೇಕು, ಯಾವುದನ್ನು ಕೀಳಬೇಕು ಎಂದು ತೋರಿಸಿಕೊಡುತ್ತಾರೆ. ಇವ್ಯಾವುದಕ್ಕೂ ಹಾಜರಿ ಪುಸ್ತಕದಲ್ಲಿ ಕಾಲಂ ಇಲ್ಲ. ಕೊಟ್ಟ ಕೆಲಸವನ್ನು ಮಾಡುವವರೇ ಹೀಗೆ ಹಿಗ್ಗಿಸಿಕೊಳ್ಳುವುದು, ಅದರ ಕ್ರಮ ಬದಲಿಸಿಕೊಳ್ಳುವುದು ಕೆಲಸದ ಫಲವನ್ನು ಹೆಚ್ಚಿಸುತ್ತದೆಯೋ ಕೆಡಿಸುತ್ತದೆಯೋ ಎಂದು ಸಂಶೋಧಕರು ಎರಡು ದಶಕಕ್ಕೂ ಹೆಚ್ಚು ಕಾಲದಿಂದ ಪರೀಕ್ಷಿಸುತ್ತಿದ್ದಾರೆ. ಬಹುಪಾಲು ಹೆಚ್ಚಿಸುತ್ತದೆ ಎಂಬುದು ಅವರಿಗೆ ಸಿಕ್ಕ ಉತ್ತರ. ಅದಕ್ಕೆ ನಾನು ಕಾಫಿ ಸೀಮೆಯಿಂದ ಸೇರಿಸಬೇಕಾದ ಮಾತು ಒಂದಿದೆ: ಜನ ತಮ್ಮ ಕೆಲಸವನ್ನು ಹೇಗೂ ತಿದ್ದಿಕೊಳ್ಳುತ್ತಾರೆ, ಆ ತಿದ್ದುಪಡಿ ಗಿಡಕ್ಕೆ ಒಳ್ಳೆಯದಾಗುವ ಕಡೆಗೆ ಹೋಗುತ್ತದೋ ಕೆಟ್ಟದಾಗುವ ಕಡೆಗೋ ಎಂಬುದನ್ನು ತೀರ್ಮಾನಿಸುವುದು ಕೂಲಿಯ ಲೆಕ್ಕ. ಆ ಲೆಕ್ಕವನ್ನು ಬರೆಯುವವರು ಮಾಲೀಕರು.

ಈ ವಿಷಯ ಪುಸ್ತಕಕ್ಕೆ ಬಂದದ್ದು 2001ರಲ್ಲಿ. ಏಮಿ ರೆಜ್ನೆಸ್ಕಿ ಮತ್ತು ಜೇನ್ ಡಟನ್ ಎಂಬ ಇಬ್ಬರು ಅಮೆರಿಕನ್ ಸಂಶೋಧಕಿಯರು ಆ ವರ್ಷ ಪ್ರಕಟಿಸಿದ ಲೇಖನದಲ್ಲಿ ಇದಕ್ಕೆ ಜಾಬ್ ಕ್ರಾಫ್ಟಿಂಗ್ ಎಂಬ ಹೆಸರು ಕೊಟ್ಟರು. ಅವರು ನೋಡಿದವರಲ್ಲಿ ದೊಡ್ಡ ಸಂಬಳದ ಅಧಿಕಾರಿಗಳಿಗಿಂತ ಮುಖ್ಯರಾದವರು ಒಂದು ಆಸ್ಪತ್ರೆಯ ಕಸ ಗುಡಿಸುವ, ನೆಲ ಒರೆಸುವ ಕೆಲಸಗಾರರು. ಎಲ್ಲರಿಗೂ ಒಂದೇ ಕೆಲಸ, ಒಂದೇ ಪಟ್ಟಿ. ಆದರೂ ಕೆಲವರು ಪಟ್ಟಿಯಲ್ಲಿದ್ದಷ್ಟು ಮಾಡಿ ಜನರ ಮುಖ ನೋಡದೆ ಹೊರಟರೆ, ಇನ್ನು ಕೆಲವರು ನರ್ಸುಗಳ ಓಡಾಟಕ್ಕೆ ಹೊಂದುವಂತೆ ತಮ್ಮ ಗುಡಿಸುವ ಹೊತ್ತನ್ನು ಬದಲಿಸಿಕೊಳ್ಳುತ್ತಿದ್ದರು, ರೋಗಿಗಳನ್ನು ಮಾತಾಡಿಸುತ್ತಿದ್ದರು, ದಾರಿ ತಪ್ಪಿದ ಸಂಬಂಧಿಕರನ್ನು ವಾರ್ಡಿಗೆ ಮುಟ್ಟಿಸುತ್ತಿದ್ದರು. ಎರಡನೆಯ ಗುಂಪಿನವರಿಗೆ ತಾವು ರೋಗಿ ಗುಣವಾಗುವುದರಲ್ಲಿ ಪಾಲುದಾರರು ಎಂಬ ಭಾವನೆ ಇತ್ತು. ಕೆಲಸವನ್ನು ಮೂರು ಕಡೆಯಿಂದ ತಿದ್ದಿಕೊಳ್ಳಬಹುದು ಎಂದು ಲೇಖಕಿಯರು ಇದರಿಂದ ಕಂಡುಕೊಂಡರು: ಏನು ಮಾಡುತ್ತೇವೆ ಎಂಬುದನ್ನು, ಯಾರ ಜೊತೆ ಒಡನಾಡುತ್ತೇವೆ ಎಂಬುದನ್ನು, ಮಾಡುವ ಕೆಲಸವನ್ನು ಏನೆಂದು ತಿಳಿಯುತ್ತೇವೆ ಎಂಬುದನ್ನು. ಕೆಲಸ ಎಂದರೆ ಮೇಲಿನವರು ಯೋಚಿಸಿ ಕೊಡುವುದು, ಕೆಳಗಿನವರು ಯೋಚಿಸದೆ ಮಾಡುವುದು ಎಂದು 1911ರಲ್ಲಿ ಫ್ರೆಡೆರಿಕ್ ಟೇಲರ್ ಬರೆದ ಕಾಲದಿಂದ ನಡೆದು ಬಂದ ಆಡಳಿತಶಾಸ್ತ್ರಕ್ಕೆ ಇದು ದೊಡ್ಡ ತಿದ್ದುಪಡಿಯೇ. ನಮ್ಮ ತೋಟಗಳ ದಿನಚರಿ ಇಂದಿಗೂ ಟೇಲರನಿಗೆ ಹತ್ತಿರ.

ಚಿಗುರು ತೆಗೆಯುವ ಕೆಲಸವನ್ನೇ ಹತ್ತಿರದಿಂದ ನೋಡೋಣ. ಕಾಫಿ ಗಿಡದ ಕಾಂಡದಲ್ಲಿ ನೇರವಾಗಿ ಮೇಲಕ್ಕೇಳುವ ಕಂಬಚಿಗುರು ಸಾರವನ್ನೆಲ್ಲ ಹೀರಿಕೊಂಡು ಗಿಡದ ನಡುವನ್ನು ಕತ್ತಲು ಮಾಡುತ್ತದೆ, ಅದನ್ನು ಕೈಯಿಂದ ಕಿತ್ತು ತೆಗೆಯಬೇಕು. ಕೆಲಸ ಅಷ್ಟೇ. ಆದರೆ ಈ ಕೆಲಸ ಮಾಡುವಾಗ ಕೈ, ಕಣ್ಣು ಎರಡೂ ಕಾಂಡದ ಮೇಲೇ ಇರುತ್ತವೆ. ಅರೇಬಿಕಾದ ಪರಮ ಶತ್ರುವಾದ ಬಿಳಿ ಕಾಂಡಕೊರಕ, ತೋಟದವರ ಬಾಯಲ್ಲಿ ಬೋರರ್, ಇರುವುದೂ ಅಲ್ಲೇ. ಹೆಣ್ಣು ದುಂಬಿ ಕಾಂಡದ ಸಿಪ್ಪೆಯ ಬಿರುಕಿನಲ್ಲಿ ಮೊಟ್ಟೆ ಇಡುತ್ತದೆ, ಮರಿಹುಳು ಒಳಗೆ ಸೇರಿ ಕಟ್ಟಿಗೆಯನ್ನು ಕೊರೆಯುತ್ತದೆ. ಹೊರಗೆ ಕಾಣುವುದು ಕಾಂಡದ ಮೇಲೆ ಸುತ್ತಿದಂತೆ ಎದ್ದ ಉಬ್ಬು ಗೆರೆ, ಆಮೇಲೆ ಹಳದಿಗೆ ತಿರುಗಿ ಬಾಡುವ ಎಲೆ. ದುಂಬಿ ಹಾರುವ ಕಾಲ ವರ್ಷಕ್ಕೆ ಎರಡು: ಏಪ್ರಿಲ್‌-ಮೇ ಒಂದು, ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ ಇನ್ನೊಂದು. ಅದಕ್ಕೇ ಮಾರ್ಚ್ ಮತ್ತು ಸೆಪ್ಟೆಂಬರಿನಲ್ಲಿ ಗಿಡ ಗಿಡ ಹುಡುಕಿ, ಹುಳು ಹಿಡಿದದ್ದನ್ನು ಕಿತ್ತು ಸುಡಬೇಕೆಂಬ ಪದ್ಧತಿ ಇದೆ. ಬಿಸಿಲು ಹೆಚ್ಚು ಬೀಳುವ ಜಾಗದ ಗಿಡಗಳಿಗೆ ಇದರ ಕಾಟ ಜಾಸ್ತಿ. ಈಗ ಚಿಗುರು ತೆಗೆಯುತ್ತಿರುವ ಹೆಂಗಸೊಬ್ಬಳು ಸಾಲಿನ ನಡುವೆ ನಿಂತು, "ರೈಟ್ರೇ, ಈ ಗಿಡಕ್ಕೆ ಬೋರರ್ ಬಿದ್ದಂಗೆ ಕಾಣ್ತದೆ, ಮೇಲಿನ ಮರ ಕಡ್ದಿದ್ದು ಜಾಸ್ತಿ ಆಯ್ತೇನೋ" ಎಂದಳು ಎಂದಿಟ್ಟುಕೊಳ್ಳಿ. ಅವಳು ಚಿಗುರು ತೆಗೆಯುವ ಕೆಲಸಕ್ಕೆ ಬೋರರ್ ಹುಡುಕುವುದನ್ನೂ ನೆರಳಿನ ಲೆಕ್ಕವನ್ನೂ ಸೇರಿಸಿಕೊಂಡಳು. "ಅದೆಲ್ಲ ನಿಂಗ್ಯಾಕಮ್ಮ, ಸಾಲು ಮುಗ್ಸು" ಎಂಬ ಉತ್ತರ ಬಂದರೆ ಅವಳು ಇನ್ನೊಮ್ಮೆ ಹೇಳುವುದಿಲ್ಲ. "ಎಲ್ಲಿ, ತೋರ್ಸು. ಹಿಂಗಿರೋ ಗಿಡಕ್ಕೆಲ್ಲ ಒಂದು ಗುರುತು ಕಟ್ಟು" ಎಂಬ ಉತ್ತರ ಬಂದರೆ ಮರುದಿನದಿಂದ ಆ ಸಾಲಿನ ಹತ್ತು ಜನರೂ ಕಾಂಡ ನೋಡತೊಡಗುತ್ತಾರೆ. ಕಿತ್ತ ಗಿಡದ ಜಾಗದಲ್ಲಿ ಹೊಸದನ್ನು ನೆಟ್ಟರೆ ಫಸಲು ಕಾಣಲು ಮೂರ್ನಾಲ್ಕು ವರ್ಷ ಬೇಕು. ಒಂದು ಮಾತನ್ನು ಕೇಳಿಸಿಕೊಂಡರೆ ಸಿಗುವ ಲಾಭ ಅಷ್ಟು ವರ್ಷಗಳದ್ದು.

ತೋಟದಲ್ಲಿ ನಡೆದಾಡುವ ಕಣ್ಣಿಗೆ ಎಷ್ಟು ಬೆಲೆ ಎಂಬುದನ್ನು ನಮ್ಮ ಕಾಫಿಯ ಚರಿತ್ರೆಯೇ ತೋರಿಸಿದೆ. ಎಲೆ ತುಕ್ಕು ರೋಗ ತೋಟಗಳನ್ನು ನುಂಗುತ್ತಿದ್ದ ಕಾಲದಲ್ಲಿ, 1911ರ ಹೊತ್ತಿಗೆ, ಮೈಸೂರು ಸೀಮೆಯ ತೋಟವೊಂದರಲ್ಲಿ ರೋಗ ತಡೆದುಕೊಂಡು ನಿಂತ ಗಿಡವನ್ನು ಕೆಂಟ್ ಎಂಬ ಪ್ಲಾಂಟರ್ ಗುರುತಿಸಿದರು. ಅದರ ಸಂತತಿಗೆ ಕೆಂಟ್ಸ್ ಎಂದೇ ಹೆಸರಾಯಿತು. 1925ರಲ್ಲಿ ಬಾಳೆಹೊನ್ನೂರಿನಲ್ಲಿ ಶುರುವಾದ ಕಾಫಿ ಸಂಶೋಧನಾ ಕೇಂದ್ರ ಆ ಕೆಂಟ್ಸನ್ನು ಎಸ್ 288 ಎಂಬ ತಳಿಯ ಜೊತೆ ಕೂಡಿಸಿ, 1940ರ ದಶಕದಲ್ಲಿ ಎಸ್ 795 ಕೊಟ್ಟಿತು. ಇಂದಿಗೂ ಈ ಬೆಟ್ಟಗಳಲ್ಲಿ ಅದು ಮನೆಮಾತು. ವಿಜ್ಞಾನಿಗಳ ಕೆಲಸವನ್ನು ಕಿರಿದು ಮಾಡಲು ಇದನ್ನು ಹೇಳುತ್ತಿಲ್ಲ. ಸಾಲಿನಲ್ಲಿ ಕಂಡದ್ದು ಸಂಶೋಧನಾಲಯ ಮುಟ್ಟಿದಾಗ ಮಾತ್ರ ಅದು ಎಸ್ 795 ಆಯಿತು. ಅಂಥ ಕಣ್ಣು ಮಾಲೀಕನಿಗೆ ಮಾತ್ರ ಇರುತ್ತದೆ ಎಂದುಕೊಳ್ಳಲು ಕಾರಣವೇನೂ ಇಲ್ಲ. ದಿನಕ್ಕೆ ಎಂಟು ತಾಸು ಗಿಡದ ಮುಂದೆ ಇರುವವರು ಕೆಲಸದವರು.

ಇನ್ನು ಪುರಾವೆಗೆ ಬರೋಣ. 2017ರಲ್ಲಿ ಕಾರ್ಟ್ ರುಡಾಲ್ಫ್ ಮತ್ತು ಸಂಗಡಿಗರು ಆವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿದರು. 122 ಗುಂಪುಗಳು, 35,670 ಕೆಲಸಗಾರರು. ಕೆಲಸವನ್ನು ತಾವೇ ತಿದ್ದಿಕೊಳ್ಳುವವರಲ್ಲಿ ಉತ್ಸಾಹ ಹೆಚ್ಚು, ತೃಪ್ತಿ ಹೆಚ್ಚು, ಕೆಲಸದ ಗುಣಮಟ್ಟವೂ ಮೇಲು ಎಂದು ಒಟ್ಟು ಲೆಕ್ಕ ತೋರಿಸಿತು. ಆದರೆ ಈ ಅಧ್ಯಯನದಲ್ಲಿ ಎಲ್ಲಕ್ಕಿಂತ ಗಮನಿಸಬೇಕಾದ ಅಂಶ ಬೇರೆಯೇ ಇದೆ. ತಿದ್ದಿಕೊಳ್ಳುವುದರಲ್ಲಿ ನಾಲ್ಕು ಬಗೆಯನ್ನು ಮೊದಲೇ ನೆದರ್ಲೆಂಡ್ಸಿನ ಸಂಶೋಧಕರು ಬೇರ್ಪಡಿಸಿದ್ದರು: ಹೊಸದನ್ನು ಕಲಿಯಲು, ತಮ್ಮ ತೀರ್ಮಾನಕ್ಕೆ ಜಾಗ ಪಡೆಯಲು ಪ್ರಯತ್ನಿಸುವುದು, ಮೇಲಿನವರ, ಜೊತೆಯವರ ಸಲಹೆ ಕೇಳುವುದು, ಸವಾಲಿನ ಕೆಲಸವನ್ನು ತಾನಾಗಿ ಹೊರುವುದು, ಕಷ್ಟ ಕೊಡುವ ಭಾಗವನ್ನು ಕಡಿಮೆ ಮಾಡಿಕೊಳ್ಳುವುದು. ಮೊದಲ ಮೂರು ಒಳ್ಳೆಯ ಫಲ ಕೊಡುತ್ತವೆ. ನಾಲ್ಕನೆಯದು ಕೊಡುವುದಿಲ್ಲ. ಕಷ್ಟದ ಭಾಗವನ್ನು ಬಿಟ್ಟುಬಿಡುವುದೇ ತಿದ್ದುಪಡಿಯಾದಾಗ ಉತ್ಸಾಹವೂ ಏರುವುದಿಲ್ಲ, ದಣಿವೂ ಇಳಿಯುವುದಿಲ್ಲ. ಅಂದರೆ ಕೆಲಸಕ್ಕೆ ಏನನ್ನಾದರೂ ಕೂಡಿಸುವ ತಿದ್ದುಪಡಿಯೂ ಅದರಿಂದ ಕಳೆಯುವ ತಿದ್ದುಪಡಿಯೂ ಒಂದೇ ಅಲ್ಲ.

ಕೂಡುವುದು, ಕಳೆಯುವುದು ಎಂಬ ಈ ಭೇದ ಕಾಫಿ ಕುಯ್ಲಿನಲ್ಲಿ ಕಣ್ಣಿಗೆ ಕಟ್ಟುವಂತೆ ಕಾಣುತ್ತದೆ. ಅರೇಬಿಕಾ ಒಂದೇ ಸಲಕ್ಕೆ ಹಣ್ಣಾಗುವುದಿಲ್ಲ. ಮೊದಲು ಅಲ್ಲೊಂದು ಇಲ್ಲೊಂದು ಹಣ್ಣಾದದ್ದನ್ನು ಆರಿಸುವ ಫ್ಲೈ ಪಿಕಿಂಗ್, ಆಮೇಲೆ ಮುಖ್ಯ ಕುಯ್ಲು, ಕೊನೆಗೆ ಉಳಿದದ್ದನ್ನೆಲ್ಲ ಉದುರಿಸುವುದು, ಕೆಳಗೆ ಬಿದ್ದದ್ದನ್ನು ಹೆಕ್ಕುವುದು. ಕೆಂಪಾದ ಹಣ್ಣನ್ನೇ ಆರಿಸಿ ತಂದರೆ ಪಲ್ಪರಿನಲ್ಲಿ ಸಿಪ್ಪೆ ಸಲೀಸಾಗಿ ಬಿಡುತ್ತದೆ. ಹಸಿರು ಕಾಯಿ ಸೇರಿದರೆ ಸಿಪ್ಪೆ ಬಿಡುವುದಿಲ್ಲ, ಬೀಜ ಕಚ್ಚುತ್ತದೆ, ಲೋಟದಲ್ಲಿ ಒಗರು ಬರುತ್ತದೆ. ಈಗ ಕೂಲಿ ಬರೀ ಕೆಜಿ ಲೆಕ್ಕಕ್ಕೆ ಎಂದಾದರೆ ಕುಯ್ಯುವವರು ಏನು ಮಾಡುತ್ತಾರೆ? ಗೊಂಚಲನ್ನೇ ಸವರಿ ಎಳೆಯುತ್ತಾರೆ. ಹಣ್ಣು, ಕಾಯಿ, ಎಲೆ ಎಲ್ಲ ಬುಟ್ಟಿಗೆ. ಹಾಗೆ ಸವರುವಾಗ ಮುಂದಿನ ವರ್ಷ ಹೂ ಬಿಡಬೇಕಾದ ಗೆಣ್ಣು ಗಾಯಗೊಳ್ಳುತ್ತದೆ, ರೆಂಬೆ ಮುರಿಯುತ್ತದೆ. ಎತ್ತರದ ಕೊಂಬೆ, ಇಳಿಜಾರಿನ ಗಿಡ ಬಿಟ್ಟು ಹೋಗುತ್ತವೆ. ಇದನ್ನು ಸೋಮಾರಿತನ ಎಂದು ಬೈಯುವವರು ಒಂದನ್ನು ಗಮನಿಸುವುದಿಲ್ಲ: ಇದೂ ಕೆಲಸವನ್ನು ತಾನೇ ತಿದ್ದಿಕೊಂಡದ್ದೇ. ಕೊಟ್ಟ ಲೆಕ್ಕಕ್ಕೆ ಹೆಚ್ಚು ಸಿಗುವಂತೆ, ಕಷ್ಟದ ಭಾಗ ಕಡಿಮೆಯಾಗುವಂತೆ ಬುದ್ಧಿವಂತಿಕೆಯಿಂದಲೇ ತಿದ್ದಿಕೊಂಡದ್ದು. ಕೆಜಿ ಎಂದರೆ ಕೆಜಿ ಬರುತ್ತದೆ. ಸುಮಾರು ಐದಾರು ಕೆಜಿ ಹಣ್ಣಿಗೆ ಒಂದು ಕೆಜಿ ಕ್ಲೀನ್ ಕಾಫಿ ಸಿಗುವ ಬೆಳೆಯಲ್ಲಿ, ಆ ಒಂದು ಕೆಜಿಯ ದರವನ್ನು ಗುಣಮಟ್ಟ ನಿರ್ಧರಿಸುವಾಗ, ತೂಕ ಒಂದನ್ನೇ ಎಣಿಸಿ ಕೂಲಿ ಕೊಡುವುದು ಬೆಳೆಗಾರ ತನ್ನ ಕೈಯಾರೆ ಮಾಡಿಕೊಳ್ಳುವ ನಷ್ಟ. ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾ ಎರಡಕ್ಕೂ 2019ರಲ್ಲಿ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಸಿಕ್ಕಿತು. ಆ ಹೆಸರಿನ ಮಾನ ಕಾಪಾಡುವ ಕೈ ಕುಯ್ಯುವವರದು, ಆ ಕೈಯ ಲೆಕ್ಕದಲ್ಲಿ ಮಾತ್ರ ಗುಣಮಟ್ಟಕ್ಕೆ ಕಾಲಂ ಇಲ್ಲ.

ಕೆಲಸವನ್ನು ಒಬ್ಬೊಬ್ಬರೇ ತಿದ್ದಿಕೊಳ್ಳುವುದಕ್ಕಿಂತ ಗುಂಪಾಗಿ ತಿದ್ದಿಕೊಂಡಾಗ ಫಲ ಹೆಚ್ಚು ಎಂಬುದಕ್ಕೂ ಆಧಾರಗಳಿವೆ. ಕ್ಯಾರಿ ಲಿಯಾನಾ ಮತ್ತು ಜೊತೆಯವರು 2009ರಲ್ಲಿ ಅಮೆರಿಕದ 62 ಶಿಶುಪಾಲನಾ ಕೇಂದ್ರಗಳ ಶಿಕ್ಷಕಿಯರನ್ನೂ ಸಹಾಯಕಿಯರನ್ನೂ ಅಭ್ಯಾಸ ಮಾಡಿದರು. ಮಕ್ಕಳ ಆರೈಕೆಯ ಗುಣಮಟ್ಟ ಏರಿದ್ದು ಶಿಕ್ಷಕಿಯರು ಒಟ್ಟಾಗಿ ಮಾತಾಡಿಕೊಂಡು ಕೆಲಸ ಬದಲಿಸಿಕೊಂಡ ಕಡೆ. ಅನುಭವ ಕಡಿಮೆ ಇದ್ದವರಿಗೆ ಇದರ ಪ್ರಯೋಜನ ಇನ್ನೂ ಹೆಚ್ಚು. ಆದರೆ ಇದಕ್ಕಿಂತ ಅರ್ಧ ಶತಮಾನ ಮೊದಲೇ ನಮ್ಮ ದೇಶದಲ್ಲೇ ಒಂದು ಪ್ರಯೋಗ ನಡೆದಿತ್ತು, ಅದು ಇಂದು ಹೆಚ್ಚಿನವರಿಗೆ ನೆನಪಿಲ್ಲ. ಅಹಮದಾಬಾದಿನ ಕ್ಯಾಲಿಕೋ ಮಿಲ್ಲಿನಲ್ಲಿ ಸ್ವಯಂಚಾಲಿತ ಮಗ್ಗಗಳನ್ನು ತಂದು ಕೂರಿಸಿದರೂ ಉತ್ಪನ್ನ ಏರಲಿಲ್ಲ. ಕೆಲಸವನ್ನು ಚೂರು ಚೂರಾಗಿ ಹಂಚಿದ್ದರು. ನೂಲು ಕಟ್ಟುವವನೊಬ್ಬ, ಎಣ್ಣೆ ಹಾಕುವವನೊಬ್ಬ, ಗುಡಿಸುವವನೊಬ್ಬ. ಒಬ್ಬೊಬ್ಬನಿಗೆ ಒಂದೊಂದು ಸಂಖ್ಯೆಯ ಮಗ್ಗಗಳು, ಯಾವ ಮಗ್ಗಕ್ಕೂ ಇಡಿಯಾಗಿ ಹೊಣೆಯಾದವರಿಲ್ಲ. 1953ರಲ್ಲಿ ಲಂಡನ್ನಿನ ಟ್ಯಾವಿಸ್ಟಾಕ್ ಸಂಸ್ಥೆಯ ಎ.ಕೆ. ರೈಸ್ ಅಲ್ಲಿಗೆ ಬಂದು, ಸಣ್ಣ ಗುಂಪೊಂದು ಕೆಲವು ಮಗ್ಗಗಳನ್ನು ಪೂರ್ತಿಯಾಗಿ ನೋಡಿಕೊಂಡರೆ ಹೇಗೆ ಎಂಬ ಮಾತನ್ನು ಮುಂದಿಟ್ಟರು. ಮಾತು ಕಿವಿಗೆ ಬಿದ್ದದ್ದೇ ತಡ, ಕಾರ್ಮಿಕರು ಮೇಸ್ತ್ರಿಗಳೊಡನೆ ಸೇರಿ ತಾವೇ ಗುಂಪು ಕಟ್ಟಿಕೊಂಡರು. ಯಾರ ಜೊತೆ ಯಾರು ಎಂಬುದನ್ನೂ ಅವರೇ ತೀರ್ಮಾನಿಸಿದರು. ಬಟ್ಟೆಯ ಉತ್ಪನ್ನ ಏರಿತು, ಹಾಳಾಗುವ ಬಟ್ಟೆ ಇಳಿಯಿತು. 1970ರಲ್ಲಿ ಅದೇ ಸಂಸ್ಥೆಯ ಎರಿಕ್ ಮಿಲ್ಲರ್ ಮತ್ತೆ ಹೋಗಿ ನೋಡಿದಾಗ ಒಂದು ಶೆಡ್ಡಿನಲ್ಲಿ ಆ ಗುಂಪು ಪದ್ಧತಿ ಹಾಗೇ ಉಳಿದಿತ್ತು, ಉಳಿದ ಕಡೆ ಹಳೆಯ ಹಂಚಿಕೆ ಮರಳಿ ಬಂದಿತ್ತು. ಎರಡೂ ನಮಗೆ ಪಾಠವೇ. ಗುಂಪಿಗೆ ಇಡೀ ಕೆಲಸದ ಹೊಣೆ ಕೊಟ್ಟರೆ ಜನ ತಾವೇ ಸಂಘಟಿತರಾಗುತ್ತಾರೆ. ಸುತ್ತಿನ ಆಡಳಿತ ಅದನ್ನು ಕಾಯದಿದ್ದರೆ ಅದು ಕರಗಿಹೋಗುತ್ತದೆ. ಒಂದೇ ಗುಂಪಿಗೆ ಒಂದೇ ಬ್ಲಾಕನ್ನು ಚಿಗುರಿನಿಂದ ಕುಯ್ಲಿನವರೆಗೆ ವರ್ಷವಿಡೀ ವಹಿಸುವ ತೋಟ, ತಿಳಿದೋ ತಿಳಿಯದೆಯೋ ಅಹಮದಾಬಾದಿನ ದಾರಿಯಲ್ಲಿದೆ. ಸೆಪ್ಟೆಂಬರಿನಲ್ಲಿ ಬಿಟ್ಟುಹೋದ ಬೋರರ್ ಗಿಡ ಡಿಸೆಂಬರಿನಲ್ಲಿ ತಮ್ಮದೇ ಬುಟ್ಟಿಯನ್ನು ಹಗುರ ಮಾಡುತ್ತದೆ ಎಂಬುದು ಅಂಥ ಗುಂಪಿಗೆ ಗೊತ್ತಿರುತ್ತದೆ.

ಎಲ್ಲರೂ ತಮಗೆ ತೋಚಿದಂತೆ ಮಾಡಿದರೆ ಶಿಸ್ತು ಎಲ್ಲಿ ಉಳಿಯಿತು ಎಂದು ಮಾಲೀಕರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ತೋಟದಲ್ಲಿ ತಿದ್ದುಪಡಿಗೆ ಜಾಗವೇ ಇಲ್ಲದ ಕೆಲಸಗಳಿವೆ. ಔಷಧಿ ಬೆರೆಸುವ ಪ್ರಮಾಣ, ಹೊಡೆಯುವಾಗ ಹಾಕಬೇಕಾದ ಕೈಗವಸು, ಸಿಪ್ಪೆ ತೆಗೆದ ಪಾರ್ಚ್‌ಮೆಂಟ್ ಕಾಫಿಯನ್ನು ತೊಳೆಯುವ ನೀರಿನ ಶುಚಿ, ಗೋಣಿಗೆ ತುಂಬುವ ಮೊದಲು ನೋಡಬೇಕಾದ ತೇವಾಂಶ, ಇವು ಯಾರ ಇಷ್ಟಕ್ಕೂ ಬಿಡುವಂಥವಲ್ಲ. ಅಲ್ಯೂಮಿನಿಯಂ ಏಣಿ ವಿದ್ಯುತ್ ತಂತಿಗೆ ತಗುಲಿ ಮೆಣಸು ಕುಯ್ಯುವವರು, ಮರಗಸಿ ಮಾಡುವವರು ಸತ್ತ ಸುದ್ದಿ ಕಾಫಿ ಜಿಲ್ಲೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ, ಓದಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ತಂತಿ ಇರುವ ಕಡೆ ಏಣಿ ಹಾಕಬಾರದು ಎಂಬುದು ಕಲ್ಲಿನಲ್ಲಿ ಕೊರೆದ ನಿಯಮವಾಗಬೇಕು. ಆದರೆ ಇದೇ ಉದಾಹರಣೆಯನ್ನು ಇನ್ನೊಂದು ಕಡೆಯಿಂದ ನೋಡಿ. "ಆ ಮರದ ಹತ್ರ ತಂತಿ ಜೋತು ಬಿದ್ದದೆ, ಇವತ್ತು ನಾವಲ್ಲಿ ಹತ್ತೋದಿಲ್ಲ" ಎಂದು ಹೇಳುವ ಧೈರ್ಯ ಕೆಲಸದವರಿಗೆ ಇದ್ದ ಕಡೆಯೇ ನಿಯಮವೂ ನಡೆಯುತ್ತದೆ. ಬಾಯಿ ಬಿಟ್ಟರೆ ಬೈಗುಳ ಎಂಬಲ್ಲಿ ನಿಯಮ ಗೋಡೆಯ ಮೇಲಿರುತ್ತದೆ, ಏಣಿ ತಂತಿಯ ಮೇಲೆ. ಜೀವಕ್ಕೆ, ಆಹಾರದ ಶುಚಿಗೆ ಸಂಬಂಧಿಸಿದ್ದನ್ನು ಬಿಗಿಯಾಗಿ ಹಿಡಿದು, ಕ್ರಮ, ಜೋಡಿ, ವೇಗ, ಗಮನಿಸುವಿಕೆ ಇವುಗಳನ್ನು ಕೆಲಸದವರಿಗೆ ಬಿಡುವುದು ಶಿಸ್ತಿಗೆ ವಿರೋಧವಲ್ಲ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದು ಕಡೆಯಿಂದ ಬರುತ್ತದೆ. ಕೆಲಸದವರು ಪ್ರೀತಿಯಿಂದ ಹೆಚ್ಚು ಮಾಡಲಿ ಎನ್ನುವುದು ಅದೇ ಕೂಲಿಗೆ ಹೆಚ್ಚು ದುಡಿಸಿಕೊಳ್ಳುವ ಸಭ್ಯ ಉಪಾಯವಲ್ಲವೇ ಎಂದು ಕಾರ್ಮಿಕ ಸಂಘಟನೆಯವರು ಕೇಳಿದರೆ ಅದನ್ನು ತಳ್ಳಿಹಾಕುವಂತಿಲ್ಲ. ತೋಟದ ಕೆಲಸದವರು ಬಾಳಿದ ಲೈನ್ ಮನೆಗಳ ಚರಿತ್ರೆ ಗೊತ್ತಿದ್ದವರು ಇದನ್ನು ಕೇಳಿಯೇ ಕೇಳುತ್ತಾರೆ. ಮನೆ, ಔಷಧೋಪಚಾರ, ಶಿಶುವಿಹಾರದಂಥ ಮೂಲ ಸೌಕರ್ಯಕ್ಕೂ 1951ರಲ್ಲಿ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆಯೇ ಬರಬೇಕಾಯಿತು. ಅದು ಕೂಡ ಎಲ್ಲ ತೋಟಗಳಿಗೂ ಅನ್ವಯವಾಗಲಿಲ್ಲ. ಬೋರರ್ ಗಿಡ ತೋರಿಸಿದವಳಿಗೆ ಒಂದು ಒಳ್ಳೆಯ ಮಾತು, ಉಳಿದ ಗಿಡಗಳ ಫಸಲು ಪೂರ್ತಿ ಮಾಲೀಕನಿಗೆ ಎಂಬುದು ನ್ಯಾಯವೂ ಅಲ್ಲ, ಬಾಳಿಕೆ ಬರುವುದೂ ಇಲ್ಲ. ಎರಡು ಮೂರು ಸಲ ತೋರಿಸಿ ಆಮೇಲೆ ಅವಳು ಸುಮ್ಮನಾಗುತ್ತಾಳೆ. ಆದ್ದರಿಂದ ಈ ಆಕ್ಷೇಪ ನನ್ನ ವಾದವನ್ನು ಮುರಿಯುವುದಿಲ್ಲ, ಅದಕ್ಕೊಂದು ಷರತ್ತು ಸೇರಿಸುತ್ತದೆ: ಹೆಚ್ಚಿದ್ದರಲ್ಲಿ ಪಾಲು ಸಿಗಬೇಕು. ಪಾಲು ಪೂರ್ತಿಯಾಗಿ ಕೈಗೆ ಬಂದಾಗ ಕೆಲಸಗಾರರು ಎಷ್ಟು ದೂರ ಹೋಗಬಲ್ಲರು ಎಂಬುದನ್ನು ಕಾಫಿಯ ಲೋಕವೇ ಒಮ್ಮೆ ಕಂಡಿದೆ. 1950ರ ದಶಕದಲ್ಲಿ ಕಾಫಿ ಮಂಡಳಿ ತನ್ನ ಕಾಫಿ ಹೌಸುಗಳನ್ನು ಮುಚ್ಚಲು ಹೊರಟಾಗ, ಕೆಲಸ ಕಳೆದುಕೊಳ್ಳಲಿದ್ದ ಸಿಬ್ಬಂದಿ ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಅವರ ಬೆಂಬಲದಿಂದ ತಾವೇ ಸಹಕಾರ ಸಂಘ ಕಟ್ಟಿಕೊಂಡರು. ಮೊದಲ ಸಂಘ ಹುಟ್ಟಿದ್ದು ಬೆಂಗಳೂರಿನಲ್ಲಿ, 1957ರ ಆಗಸ್ಟ್ 19ರಂದು. ಟ್ರೇ ಹಿಡಿದು ಓಡಾಡುತ್ತಿದ್ದವರು ಲೆಕ್ಕ ಬರೆದರು, ಆಡಳಿತ ಕಲಿತರು. ಮುಚ್ಚಬೇಕೆಂದಿದ್ದ ವ್ಯಾಪಾರವನ್ನು ತಲೆಮಾರುಗಳ ಕಾಲ ನಡೆಸಿದರು. ಪ್ರತಿ ತೋಟವೂ ಸಹಕಾರ ಸಂಘವಾಗಲಿ ಎಂದು ನಾನು ಹೇಳುತ್ತಿಲ್ಲ. ಓದು ಕಡಿಮೆ ಇರುವ ಕೆಲಸಗಾರರಿಗೆ ಇದೆಲ್ಲ ಒಗ್ಗದು ಎನ್ನುವವರಿಗೆ ಮಾತ್ರ ಇದು ಸಾಕಾದಷ್ಟು ಉತ್ತರ.

ಇಂದಿನ ವಾಸ್ತವವೇ ಬೇರೆ ಎನ್ನುವವರಿದ್ದಾರೆ. ಲೈನ್ ಮನೆಗಳಲ್ಲಿ ತಲೆಮಾರುಗಟ್ಟಲೆ ಇದ್ದವರ ಮಕ್ಕಳು ಪೇಟೆ ಸೇರಿದರು. ಈಗ ಸುಗ್ಗಿಗೆ ಬಯಲುಸೀಮೆಯಿಂದ ಬರುವವರು, ವರ್ಷದ ಕೆಲಸಕ್ಕೆ ಅಸ್ಸಾಂ ಮತ್ತಿತರ ಕಡೆಯಿಂದ ಬರುವವರು. ಇಂದು ಇಲ್ಲಿ, ನಾಳೆ ಇನ್ನೊಂದು ತೋಟದಲ್ಲಿ. ಭಾಷೆ ಬಾರದವರು ಯಾವ ಬೋರರ್ ತೋರಿಸುತ್ತಾರೆ? ನನಗೆ ಇದು ತಲೆಕೆಳಗಾದ ವಾದ ಎನಿಸುತ್ತದೆ. ಅವರು ನಿಲ್ಲದಿರುವುದಕ್ಕೆ ಕೂಲಿಯ ಜೊತೆಗೆ ಇದೂ ಒಂದು ಕಾರಣವಿರಬಹುದು: ಅವರನ್ನು ಕರೆತಂದ ಕಂಟ್ರಾಕ್ಟರನಿಗೆ ಗೊತ್ತಿರುವುದು ತಲೆ ಲೆಕ್ಕ, ತೋಟಕ್ಕೆ ಗೊತ್ತಿರುವುದು ಕೆಜಿ ಲೆಕ್ಕ. ಇವರು ಕಂಡದ್ದನ್ನು, ಕಲಿತದ್ದನ್ನು ಬರೆದುಕೊಳ್ಳುವ ಮೂರನೆಯ ಲೆಕ್ಕ ಇಲ್ಲ. ಅವರಲ್ಲಿ ಗುಂಪು ಈಗಾಗಲೇ ಇದೆ. ಒಂದೇ ಊರಿನವರು, ಒಬ್ಬ ಮುಂದಾಳು, ಒಟ್ಟಿಗೆ ಅಡಿಗೆ. ಉಬ್ಬು ಗೆರೆ ಎದ್ದ ಒಂದು ಕಾಂಡವನ್ನು ಕಡಿದು ತಂದು ಲೈನಿನ ಮುಂದಿಟ್ಟು, ಒಳಗಿನ ಹುಳುವನ್ನು ಒಮ್ಮೆ ತೋರಿಸಿದರೆ ಅದಕ್ಕೆ ಕನ್ನಡ ಬೇಕಿಲ್ಲ. ಭಾರತದ ಕಾಫಿ ಹಿಡುವಳಿಗಳಲ್ಲಿ ಶೇ 98ಕ್ಕೂ ಹೆಚ್ಚು 10 ಹೆಕ್ಟೇರಿಗಿಂತ ಚಿಕ್ಕವು. ಅಂಥ ತೋಟದಲ್ಲಿ ಮಾಲೀಕನೂ ಕೆಲಸದವರೂ ದಿನಾ ಮುಖಾಮುಖಿ ಆಗುತ್ತಾರೆ, ನಡುವೆ ಐದಾರು ಹಂತದ ಅಧಿಕಾರಿಗಳಿಲ್ಲ. ದೊಡ್ಡ ಕಂಪನಿಗೆ ವರ್ಷಗಟ್ಟಲೆ ಹಿಡಿಯುವ ಬದಲಾವಣೆಯನ್ನು ಸಣ್ಣ ಬೆಳೆಗಾರ ಒಂದು ಸುಗ್ಗಿಯಲ್ಲಿ ಮಾಡಿ ನೋಡಬಹುದು.

ಒಳ್ಳೆಯ ಕೆಲಸಗಾರರೇ ಕೆಲಸವನ್ನು ತಿದ್ದಿಕೊಳ್ಳುವವರಾಗಿದ್ದು, ತಿದ್ದಿಕೊಂಡದ್ದರಿಂದ ಕೆಲಸ ಒಳ್ಳೆಯದಾಯಿತು ಎಂದು ನಾವು ತಪ್ಪು ತಿಳಿಯುತ್ತಿದ್ದೇವೆಯೇ ಎಂಬ ಸಂದೇಹವನ್ನೂ ಹೇಳಿಬಿಡಬೇಕು. ಹೆಚ್ಚಿನ ಅಧ್ಯಯನಗಳು ಒಂದೇ ಸಲ ಪ್ರಶ್ನಾವಳಿ ಕೊಟ್ಟು ಮಾಡಿದಂಥವು, ಅವುಗಳಿಂದ ಯಾವುದು ಕಾರಣ ಯಾವುದು ಪರಿಣಾಮ ಎಂದು ಖಚಿತವಾಗಿ ಹೇಳಲಾಗದು. ಆದರೆ ಒಬ್ಬನೇ ವ್ಯಕ್ತಿಯನ್ನು ದಿನದಿನವೂ ಡೈರಿ ಬರೆಸಿ ನೋಡಿದ ಅಧ್ಯಯನಗಳಲ್ಲಿ, ಅವನು ಹೊಸ ಸವಾಲನ್ನು ತಾನಾಗಿ ಹುಡುಕಿಕೊಂಡ ದಿನ ಅವನ ಉತ್ಸಾಹ ಅವನದೇ ಇತರ ದಿನಗಳಿಗಿಂತ ಮೇಲಿತ್ತು. ತರಬೇತಿ ಕೊಟ್ಟು ನಡೆಸಿದ ಪ್ರಯೋಗಗಳಲ್ಲೂ ಉತ್ಸಾಹ ಏರಿದ್ದು ಸ್ಪಷ್ಟವಾಗಿದೆ, ಕೆಲಸದ ಫಲ ಏರಿದ್ದು ಮಾತ್ರ ಎಲ್ಲ ಕಡೆಯೂ ಒಂದೇ ಸಮ ಇಲ್ಲ. ಹಾಗಾಗಿ ಇದನ್ನು ಎಲ್ಲ ರೋಗಕ್ಕೂ ಮದ್ದು ಎನ್ನುವವರನ್ನು ನಂಬಬೇಡಿ. ಕಾಫಿ ತೋಟದಲ್ಲಿ ನೇರವಾಗಿ ನಡೆದ ಪ್ರಯೋಗದಿಂದ ನಾನು ಮಾತಾಡುತ್ತಿಲ್ಲ, ಆಸ್ಪತ್ರೆ, ಮಿಲ್ಲು, ಶಿಶುಪಾಲನಾ ಕೇಂದ್ರಗಳಿಂದ ತೋಟಕ್ಕೆ ತರ್ಕ ಹೊಂದಿಸುತ್ತಿದ್ದೇನೆ. ಆ ಹೊಂದಾಣಿಕೆ ಗಟ್ಟಿ ಎಂದು ನಂಬಲು ನನಗಿರುವ ಆಧಾರ ಕಾಫಿಯ ಸ್ವಭಾವವೇ. ಈ ಬೆಳೆಯ ಲಾಭನಷ್ಟ ನಿಂತಿರುವುದು ಯಾವ ಗಿಡ ಬಾಡುತ್ತಿದೆ, ಯಾವ ಹಣ್ಣು ಕೆಂಪಾಗಿದೆ, ಯಾವ ಮರದ ನೆರಳು ಸಾಲದು ಎಂಬ ಸಾವಿರಾರು ಸಣ್ಣ ತೀರ್ಮಾನಗಳ ಮೇಲೆ. ಅವನ್ನೆಲ್ಲ ರೈಟರು ಒಬ್ಬರೇ ತೆಗೆದುಕೊಳ್ಳಲಾಗುವುದಿಲ್ಲ. ಸಾಲಿನಲ್ಲಿರುವವರು ತೆಗೆದುಕೊಂಡೇ ತೆಗೆದುಕೊಳ್ಳುತ್ತಾರೆ.

ಮೂಡಿಗೆರೆ, ಕಳಸದ ಬೆಳೆಗಾರರಲ್ಲಿ ಹಾಗಾಗಿ ಒಂದು ವಿನಂತಿ. ಈ ವರ್ಷದ ಕುಯ್ಲಿಗೆ ಕೂಲಿ ಗೊತ್ತುಮಾಡುವಾಗ ಕೆಜಿಯ ದರದ ಪಕ್ಕದಲ್ಲಿ ಇನ್ನೆರಡು ಸಾಲು ಬರೆಯಿರಿ. ಬುಟ್ಟಿಯಲ್ಲಿ ಹಣ್ಣಿನ ಪಾಲು ಇಷ್ಟಿದ್ದರೆ ಇಷ್ಟು ಹೆಚ್ಚು ಎಂಬುದು ಒಂದು. ಗುರುತು ಕಟ್ಟಿ ತೋರಿಸಿದ ಪ್ರತಿ ಬೋರರ್ ಗಿಡಕ್ಕೆ ಇಷ್ಟು ಎಂಬುದು ಇನ್ನೊಂದು. ತೋಟದ ಒಂದು ಬ್ಲಾಕನ್ನಾದರೂ ಒಂದೇ ಗುಂಪಿಗೆ ವರ್ಷವಿಡೀ ವಹಿಸಿ, ಚಿಗುರು, ಹುಡುಕಾಟ, ಕುಯ್ಲು ಯಾವ ಕ್ರಮದಲ್ಲಿ ಮಾಡಬೇಕೆಂದು ಅವರನ್ನೇ ಕೇಳಿ. ಪಕ್ಕದ ಬ್ಲಾಕನ್ನು ಹಳೆಯ ಪದ್ಧತಿಯಲ್ಲೇ ನಡೆಸಿ. ಎರಡರ ಫಸಲು, ಕಿತ್ತ ಗಿಡ, ಕೊಟ್ಟ ಕೂಲಿ ಮೂರನ್ನೂ ಬೇರೆ ಬೇರೆ ಬರೆದಿಟ್ಟು, ಮಾರ್ಚ್ ಮುಗಿದ ಮೇಲೆ ಕೆಲಸದವರನ್ನೂ ಕೂರಿಸಿಕೊಂಡು ಆ ಲೆಕ್ಕ ನೋಡಿ.